ಸಂಘ ಕಟ್ಟಿದವರ ಮೇಲೆ ದಾವೆ: ಬೆಂಗಳೂರಿನ ಒಂದು ಪ್ರಕರಣ, ಸೋಲಾಪುರದ ಕೆಲವು ಪ್ರಶ್ನೆಗಳು

(ಸೋಲಾಪುರ–ಅಕ್ಕಲಕೋಟ ಭಾಗದ ಕನ್ನಡ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರಿಗಾಗಿ ನಡೆದ ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡಿದೆ.)

ಧ್ವನಿ ಕೇಳಸ್ಲಿಕ್ಕತ್ತದ ಅಂತ ತಿಳಕೊಂಡು ಶುರು ಮಾಡ್ತೀನಿ. ನಡುವೆ ನೆಟವರ್ಕ್ ಹೋದರ ಹೇಳ್ರಿ.

ನಾನು ಅಕ್ಕಲಕೋಟ ತಾಲೂಕಿನವಳು. ನಮ್ಮ ಚಿಗವ್ವ ಲಗ್ನ ಆಗಿ ಸೋಲಾಪುರಕ್ಕೆ ಹೋದಾಕಿ, ಇಪ್ಪತ್ತು ವರ್ಷದಿಂದ ಮನೆಯಲ್ಲೇ ಶಾಲೆಯ ಯೂನಿಫಾರ್ಮ್ ಹೊಲಿಯುತ್ತಾಳೆ. ಕತ್ತರಿಸಿದ ಬಟ್ಟೆಯ ಗಂಟು ಸೋಮವಾರ ಮನೆಗೆ ಬರುತ್ತದೆ, ಹೊಲಿದ ಅಂಗಿ ಶನಿವಾರ ಹೋಗುತ್ತದೆ, ಡಜನ್ ಲೆಕ್ಕದಲ್ಲಿ ಹಣ ಬರುತ್ತದೆ. ಕೆಲವು ವರ್ಷಗಳ ಹಿಂದೆ ಅವರ ಓಣಿಯ ಹದಿಮೂರು ಹೆಣ್ಣುಮಕ್ಕಳು ಕೂಡಿ, ಡಜನ್ನಿನ ದರ ಹೆಚ್ಚಿಸಬೇಕು ಅಂತ ಒಂದು ಕಾಗದ ಬರೆದು ಸಹಿ ಮಾಡಿ ಕೊಟ್ಟರು. ಎಂಟು ದಿನದೊಳಗೆ ಮೇಲಿನ ಮೂರು ಸಹಿಯವರಿಗೆ ಠಾಣೆಯಿಂದ ಕರೆ ಬಂತು. ಎರಡು ಗಂಟು ಬಟ್ಟೆ ಕಳುವಾಗಿದೆ ಅನ್ನುವ ದೂರು. ಎರಡನೇ ಸಹಿ ನಮ್ಮ ಚಿಗವ್ವಂದು.

ಕೇಸು ದಾಖಲಾಗಲಿಲ್ಲ. ಹದಿಮೂರು ಜನ ತಮ್ಮ ಕಾಗದ ವಾಪಸ್ ತೆಗೆದುಕೊಂಡರು. ದೂರೂ ಮಾಯವಾಯಿತು. ನಾನು ಆಗ ಬಿಎ ಮೊದಲ ವರ್ಷ. "ಚಿಗವ್ವಾ, ನೀ ಕದ್ದಿಲ್ಲ ಅಂದಮ್ಯಾಲ ಅಂಜೂದ್ಯಾಕ?" ಅಂತ ದೊಡ್ಡ ತಿಳಿವಳಿಕೆಯವಳಂತೆ ಕೇಳಿದೆ. ಆಕೆ ಅಂದಳು: "ಸುಳ್ಳು ಅಂತ ಕೋರ್ಟಿಗೂ ತಿಳೀತದ ಯವ್ವಾ. ಆದರ ಅದಕ್ಕ ತಿಳಿಯೂತನಾ ನನ್ನ ಮಷೀನ ಯಾರು ತುಳೀಬೇಕು?"

ಇವತ್ತಿನ ನನ್ನ ವಿಷಯ ಇಷ್ಟೇ. ಕಾರ್ಮಿಕರು ಸಂಘಟಿತರಾದಾಗ ಅವರ ವಿರುದ್ಧ ಕಾನೂನನ್ನೇ ಹೇಗೆ ಬಳಸುತ್ತಾರೆ? ಆ ಬಟ್ಟೆಯನ್ನು ಕೊಳ್ಳುವ ದೊಡ್ಡ ಕಂಪನಿಗೆ ಅದರಲ್ಲಿ ಏನು ಹೊಣೆ? ಇದಕ್ಕೆ ಕನ್ನಡ ನಾಡಿನದೇ ಒಂದು ಪ್ರಕರಣ, ಬೆಂಗಳೂರಿನದು, ಚೆನ್ನಾಗಿ ದಾಖಲಾಗಿದೆ. ಮೊದಲು ಅದನ್ನು ವಿವರಿಸಿ, ಆಮೇಲೆ ನಮ್ಮ ಊರಿಗೆ ಬರುತ್ತೇನೆ.

1. ಗೆಲ್ಲುವುದಕ್ಕಲ್ಲ, ಎಳೆಯುವುದಕ್ಕೆ

ಸಾಮಾನ್ಯವಾಗಿ ದಾವೆ ಹೂಡುವವನು ಗೆಲ್ಲಬೇಕು ಅಂತ ಹೂಡುತ್ತಾನೆ. ಆದರೆ ಎದುರಾಳಿ ಸುಮ್ಮನಾದರೆ ಸಾಕು ಅಂತ ಹೂಡುವ ದಾವೆಗಳೂ ಇವೆ. 1980ರ ದಶಕದಲ್ಲಿ ಅಮೆರಿಕದ ಡೆನ್ವರ್ ವಿಶ್ವವಿದ್ಯಾಲಯದ ಜಾರ್ಜ್ ಪ್ರಿಂಗ್ ಮತ್ತು ಪೆನೆಲೊಪ್ ಕನಾನ್ ಇಂಥ ದಾವೆಗಳನ್ನು ಅಭ್ಯಾಸ ಮಾಡಿ ಅವಕ್ಕೆ 'ಸ್ಲ್ಯಾಪ್' ಅಂತ ಹೆಸರಿಟ್ಟರು. ಸಾರ್ವಜನಿಕ ವಿಷಯದಲ್ಲಿ ಬಾಯಿ ಬಿಟ್ಟವರ ಮೇಲೆ ಹೂಡುವ ದಾವೆ ಅಂತ ಅದರ ಅರ್ಥ. ಆ ಅಕ್ಷರಗಳನ್ನು ಕೂಡಿಸಿ ಓದಿದರೆ ಕಪಾಳಮೋಕ್ಷ ಅನ್ನುವ ಅರ್ಥವೂ ಬರುತ್ತದೆ.

ಇಂಥ ದಾವೆಯ ಲಕ್ಷಣ ಮೂರು. ಒಂದು, ಇಬ್ಬರ ಬಲ ಸಮ ಇರುವುದಿಲ್ಲ. ಕಂಪನಿಗೆ ವಕೀಲರ ಫೀ ಖರ್ಚಿನ ಒಂದು ಬಾಬತ್ತು, ಟೈಲರಿಗೆ ಅದು ವರ್ಷದ ಪಗಾರ. ಎರಡು, ಮೂಲ ಜಗಳ ಪಗಾರ, ಓವರ್‌ಟೈಮ್, ಬೈಗುಳದ್ದು. ಆದರೆ ದಾವೆ ಮಾನಹಾನಿ, ಕಳವು, ಅತಿಕ್ರಮ ಪ್ರವೇಶದ್ದು. ಅಂದರೆ ಮಾತು ಕಾರ್ಮಿಕ ಇಲಾಖೆಯಿಂದ ಎದ್ದು ಸಿವಿಲ್ ಕೋರ್ಟಿಗೋ ಠಾಣೆಗೋ ಹೋಗಿಬಿಡುತ್ತದೆ. ಮೂರು, ತೀರ್ಪಿಗಿಂತ ತಾತ್ಕಾಲಿಕ ಆದೇಶವೇ ಮುಖ್ಯ. ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ ಅಡಿ ತಾತ್ಕಾಲಿಕ ತಡೆಯಾಜ್ಞೆ ಸಿಗುತ್ತದೆ. ತುರ್ತು ಇದ್ದರೆ ಎದುರು ಪಕ್ಷದವರನ್ನು ಕೇಳದೆಯೂ ಕೊಡಬಹುದು. ತೀರ್ಪು ಬರುವ ಹೊತ್ತಿಗೆ ವರ್ಷಗಳು ಕಳೆದಿರುತ್ತವೆ, ಅಲ್ಲಿತನಕ ಬಾಯಿಗೆ ಬೀಗ.

2. ಬೆಂಗಳೂರು, 2006ರಿಂದ 2008

ಬೆಂಗಳೂರಿನಲ್ಲಿ 'ಗಾರ್ಮೆಂಟ್ಸ್‌ಗೆ ಹೋಗ್ತೀನಿ' ಅಂದರೆ ಎಲ್ಲರಿಗೂ ತಿಳಿಯುತ್ತದೆ. ಪೀಣ್ಯ, ಮೈಸೂರು ರಸ್ತೆ, ಹೊಸೂರು ರಸ್ತೆಯ ಸಿದ್ಧ ಉಡುಪು ಕಾರ್ಖಾನೆಗಳು ಲಕ್ಷಾಂತರ ಹೆಣ್ಣುಮಕ್ಕಳಿಗೆ ಕೆಲಸ ಕೊಟ್ಟಿವೆ. ನಮ್ಮ ಗಡಿಭಾಗದಿಂದ, ಕಲಬುರಗಿ, ವಿಜಯಪುರ ಕಡೆಯಿಂದ ಹೋದವರೂ ಅಲ್ಲಿದ್ದಾರೆ.

ಫೈಬರ್ಸ್ ಅಂಡ್ ಫ್ಯಾಬ್ರಿಕ್ಸ್ ಇಂಟರ್‌ನ್ಯಾಷನಲ್ ಎಂಬ ಕಂಪನಿ ಮತ್ತು ಅದರ ಅಂಗಸಂಸ್ಥೆ ಜೀನ್ಸ್ ನಿಟ್ ಬೆಂಗಳೂರಿನಲ್ಲಿ ಜೀನ್ಸ್ ತಯಾರಿಸುತ್ತಿದ್ದವು. ಮುಖ್ಯ ಗಿರಾಕಿಗಳಲ್ಲಿ ಒಂದು ನೆದರ್ಲೆಂಡ್ಸಿನ ಜಿ-ಸ್ಟಾರ್. ಬೈಗುಳ, ಹೊಡೆತ, ಟಾರ್ಗೆಟ್ಟಿನ ಒತ್ತಡ, ಹಣ ಕೊಡದ ಓವರ್‌ಟೈಮ್ ಬಗ್ಗೆ ಕೆಲಸಗಾರರು ಸ್ಥಳೀಯ ಸಂಘಟನೆಗಳ ಮುಂದೆ ಹೇಳಿಕೊಂಡರು. ಕಂಪನಿ ಈ ಆರೋಪಗಳನ್ನು ಅಲ್ಲಗಳೆಯಿತು. ಈ ದೂರುಗಳನ್ನು ಎತ್ತಿಕೊಂಡವರು ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್, ಅಂದರೆ ಎಲ್ಲರೂ ಕರೆಯುವ 'ಗಾಟ್ವು', ಮಹಿಳಾ ಕಾರ್ಮಿಕರ 'ಮುನ್ನಡೆ', 'ಸಿವಿಡೆಪ್' ಸಂಸ್ಥೆ ಮತ್ತು ನ್ಯೂ ಟ್ರೇಡ್ ಯೂನಿಯನ್ ಇನಿಶಿಯೇಟಿವ್.

2006ರ ಜುಲೈನಲ್ಲಿ ಬೆಂಗಳೂರಿನ ಸಿವಿಲ್ ನ್ಯಾಯಾಲಯ ಈ ಸಂಘಟನೆಗಳ ಮೇಲೆ ತಡೆಯಾಜ್ಞೆ ಹೊರಡಿಸಿತು. ಕಾರ್ಖಾನೆಯ ಒಳಗಿನ ಸ್ಥಿತಿಗತಿಯ ಬಗ್ಗೆ ದೇಶದ ಒಳಗೂ ಹೊರಗೂ ಮಾಹಿತಿ ಹಂಚಬಾರದು ಅಂತ. ಇದರ ಅರ್ಥ ಏನು ಅಂತ ಸ್ವಲ್ಪ ನಿಂತು ನೋಡೋಣ. ಸಂಘಟನೆಗೆ ಇರುವುದು ಒಂದೇ ಬಂಡವಾಳ: ಒಬ್ಬಳ ನೋವನ್ನು ಇನ್ನೊಬ್ಬರಿಗೆ ತಿಳಿಸುವುದು. ಮುಷ್ಕರ ಹೂಡಬೇಡಿ ಅಂದರೂ ಬದುಕಬಹುದು. ಆದರೆ ಹೇಳಬೇಡಿ ಅಂದಮೇಲೆ ಆ ಸಂಘ ಏನು ಮಾಡಬೇಕು? 2007ರ ಆರಂಭದಲ್ಲಿ ನ್ಯಾಯಾಲಯ ಈ ಆಜ್ಞೆಯನ್ನು ಮುಂದುವರಿಸಿತು.

ಸ್ಥಳೀಯರ ಬಾಯಿ ಕಟ್ಟಿದ ಮೇಲೆ, ನೆದರ್ಲೆಂಡ್ಸಿನ ಎರಡು ಸಂಸ್ಥೆಗಳು, ಕ್ಲೀನ್ ಕ್ಲೋತ್ಸ್ ಕ್ಯಾಂಪೇನ್ ಮತ್ತು ಇಂಡಿಯಾ ಕಮಿಟಿ ಆಫ್ ದಿ ನೆದರ್ಲೆಂಡ್ಸ್, ಅಲ್ಲಿನ ಗ್ರಾಹಕರಿಗೆ ಈ ವಿಷಯ ಹೇಳುತ್ತ ಹೋದವು. 2006ರಲ್ಲೇ ಅವು ಜಿ-ಸ್ಟಾರ್ ವಿರುದ್ಧ ಡಚ್ ಸರಕಾರದ 'ರಾಷ್ಟ್ರೀಯ ಸಂಪರ್ಕ ಕೇಂದ್ರ'ಕ್ಕೆ ದೂರು ಕೊಟ್ಟಿದ್ದವು. ಬಹುರಾಷ್ಟ್ರೀಯ ಕಂಪನಿಗಳ ನಡವಳಿಕೆ ಕುರಿತ ಒಇಸಿಡಿ ಮಾರ್ಗಸೂಚಿಯ ಪ್ರಕಾರ ಇಂಥ ದೂರು ಕೇಳುವ ಕಚೇರಿ ಅದು.

2007ರಲ್ಲಿ ಕಂಪನಿ ಬೆಂಗಳೂರಿನಲ್ಲಿ ಮತ್ತೊಂದು ಹೆಜ್ಜೆ ಇಟ್ಟಿತು. ಈ ಎರಡು ಡಚ್ ಸಂಸ್ಥೆಗಳ ಮೇಲೂ, ಅವರ ವೆಬ್‌ಸೈಟಿಗೆ ಅಂತರ್ಜಾಲ ಸೇವೆ ಕೊಟ್ಟ ಸಂಸ್ಥೆಗಳ ಮೇಲೂ ಕ್ರಿಮಿನಲ್ ದೂರು ದಾಖಲಿಸಿತು. ಆರೋಪ ಮಾನಹಾನಿ, ಸೈಬರ್ ಅಪರಾಧ, ಜನಾಂಗ ದ್ವೇಷ. ಹೆಣ್ಣುಮಕ್ಕಳ ಓವರ್‌ಟೈಮಿನ ಲೆಕ್ಕ ಕೇಳಿದ್ದು ಜನಾಂಗ ದ್ವೇಷ ಹೇಗಾಯಿತು ಅಂತ ನಾವು ಕೇಳಬಹುದು, ಆದರೆ ದೂರು ದಾಖಲಾಯಿತು, ಸಮನ್ಸು ಹೋಯಿತು, ಡಿಸೆಂಬರ್ ಹೊತ್ತಿಗೆ ಬಂಧನ ವಾರಂಟಿನ ಮಾತು ಬಂತು. ಅದೇ ತಿಂಗಳು ಜಿ-ಸ್ಟಾರ್ ಈ ತಯಾರಕರ ಜೊತೆಗಿನ ವ್ಯವಹಾರ ನಿಲ್ಲಿಸುವುದಾಗಿ ಹೇಳಿತು.

ಕೊನೆಗೆ ನೆದರ್ಲೆಂಡ್ಸಿನ ಮಾಜಿ ಪ್ರಧಾನಿ ರೂಡ್ ಲುಬ್ಬರ್ಸ್ ಮಧ್ಯಸ್ಥಿಕೆ ವಹಿಸಿದರು. 2008ರ ಜನವರಿ ಕೊನೆಯಲ್ಲಿ ಒಪ್ಪಂದವಾಯಿತು. ಕಂಪನಿ ದಾವೆಗಳನ್ನು ಹಿಂತೆಗೆದುಕೊಳ್ಳುವುದು, ಸಂಸ್ಥೆಗಳು ಪ್ರಚಾರ ನಿಲ್ಲಿಸುವುದು, ಜಿ-ಸ್ಟಾರ್ ಆರ್ಡರ್ ಮತ್ತೆ ಕೊಡುವುದು, ಕಾರ್ಮಿಕರ ದೂರು ಕೇಳಲು ನಿಷ್ಪಕ್ಷಪಾತಿಯಾದ ಒಬ್ಬ ಓಂಬುಡ್ಸ್‌ಮನ್ ಇರುವುದು. ಆ ಜವಾಬ್ದಾರಿ ವಹಿಸಿಕೊಂಡವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ವಿ.ಎಸ್. ಮಳಿಮಠ.

3. ಈ ಪ್ರಕರಣ ಕಲಿಸುವುದು

ಒಪ್ಪಂದ ಒಳ್ಳೆಯದೇ ಆಯಿತು. ಆದರೆ ಅಭ್ಯಾಸ ಮಾಡುವವರಾಗಿ ನಾವು ಮೂರು ವಿಷಯ ಗಮನಿಸಬೇಕು.

ಮೊದಲನೆಯದು, ಆ ಒಪ್ಪಂದ ಯಾವಾಗ ಬಂತು? ಬೆಂಗಳೂರಿನ ಸಂಘಟನೆಗಳ ಮೇಲೆ ತಡೆಯಾಜ್ಞೆ ಬಿದ್ದು ಒಂದೂವರೆ ವರ್ಷದ ಮೇಲೆ, ಆಮ್‌ಸ್ಟರ್‌ಡ್ಯಾಮಿನವರ ಮೇಲೆ ವಾರಂಟಿನ ಮಾತು ಬಂದು ಎರಡು ತಿಂಗಳೊಳಗೆ. ಗಾಯ ಇಲ್ಲಿನವರಿಗೆ ಆದಾಗ ಅದು ಸ್ಥಳೀಯ ಜಗಳ. ಅಲ್ಲಿನವರಿಗೆ ತಾಗಿದಾಗ ಅದು ಎರಡು ದೇಶಗಳ ಸುದ್ದಿ. ಇದನ್ನು ಯಾರ ಮೇಲೂ ಸಿಟ್ಟಿನಿಂದ ಹೇಳುತ್ತಿಲ್ಲ. ಜವಾಬ್ದಾರಿಯ ವ್ಯವಸ್ಥೆ ಎಲ್ಲಿಂದ ನೋಡುತ್ತದೆ ಅನ್ನುವುದನ್ನು ಈ ದಿನಾಂಕಗಳೇ ಹೇಳುತ್ತವೆ.

ಎರಡನೆಯದು, ಜಿ-ಸ್ಟಾರ್ ಸ್ಥಾನ. ದಾವೆ ಹೂಡಿದ್ದು ಅದಲ್ಲ. ಕಾರ್ಖಾನೆಯೂ ಅದರದಲ್ಲ. ಆದರೂ ಗಂಟು ಬಿಚ್ಚಿದ್ದು ಅದರ ಆರ್ಡರ್ ಅಲುಗಿದಾಗ. 2011ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ ಒಪ್ಪಿದ ವ್ಯವಹಾರ ಮತ್ತು ಮಾನವ ಹಕ್ಕುಗಳ ಮಾರ್ಗದರ್ಶಿ ತತ್ವಗಳು ಇದನ್ನೇ ನಿಯಮವಾಗಿ ಹೇಳುತ್ತವೆ: ತಾನು ಮಾಡಿದ ಹಾನಿಗೆ ಮಾತ್ರವಲ್ಲ, ತನ್ನ ವ್ಯಾಪಾರದ ಸಂಬಂಧದ ಮೂಲಕ ತನ್ನ ಸರಕಿಗೆ ಅಂಟಿದ ಹಾನಿಗೂ ಕಂಪನಿ ಉತ್ತರ ಹೇಳಬೇಕು, ತನಗಿರುವ ಪ್ರಭಾವ ಬಳಸಬೇಕು.

2018ರಲ್ಲಿ ಬೆಂಗಳೂರಿನ ಶಾಹಿ ಎಕ್ಸ್‌ಪೋರ್ಟ್ಸ್‌ನ ಒಂದು ಘಟಕದಲ್ಲಿ ಸಂಘ ಕಟ್ಟುತ್ತಿದ್ದ ಕಾರ್ಮಿಕರ ಮೇಲೆ ಹಲ್ಲೆ, ಅಮಾನತು ನಡೆದದ್ದನ್ನು ವರ್ಕರ್ ರೈಟ್ಸ್ ಕನ್ಸಾರ್ಷಿಯಂ ವರದಿ ಮಾಡಿತು. ಖರೀದಿದಾರ ಬ್ರ್ಯಾಂಡುಗಳ ಒತ್ತಡ ಬಂದ ಮೇಲೆ ಕಂಪನಿ ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಂಡಿತು, ಸಂಘದ ಜೊತೆ ಒಪ್ಪಂದ ಮಾಡಿಕೊಂಡಿತು. ಅಲ್ಲಿ ಬೇಕಾದದ್ದು ತಿಂಗಳುಗಳು, ವರ್ಷಗಳಲ್ಲ.

ಮೂರನೆಯದು, ಒಪ್ಪಂದದಿಂದ ತೀರ್ಪು ಹುಟ್ಟಲಿಲ್ಲ. ದಾವೆ ಹಿಂತೆಗೆದುಕೊಂಡಿದ್ದರಿಂದ, ಇಂಥ ತಡೆಯಾಜ್ಞೆ ಸರಿಯೋ ತಪ್ಪೋ ಅನ್ನುವ ಪ್ರಶ್ನೆ ಆ ಪ್ರಕರಣದಲ್ಲಿ ಇತ್ಯರ್ಥ ಆಗಲೇ ಇಲ್ಲ. ಮುಂದಿನ ಸಂಘಕ್ಕೆ ಆಧಾರವಾಗಿ ತೋರಿಸಲು ಒಂದು ಹಾಳೆ ಉಳಿಯಲಿಲ್ಲ.

4. ಕಾಯ್ದೆಯಲ್ಲಿ ರಕ್ಷಣೆ ಇಲ್ಲವೇ?

ಇದೆ. 1926ರ ಟ್ರೇಡ್ ಯೂನಿಯನ್ ಕಾಯ್ದೆಯ 17 ಮತ್ತು 18ನೇ ಕಲಮುಗಳು ನೋಂದಾಯಿತ ಸಂಘಕ್ಕೆ ಕ್ರಿಮಿನಲ್ ಒಳಸಂಚಿನ ಆರೋಪದಿಂದಲೂ ಕೆಲವು ಸಿವಿಲ್ ದಾವೆಗಳಿಂದಲೂ ರಕ್ಷಣೆ ಕೊಟ್ಟಿದ್ದವು. 1947ರ ಕೈಗಾರಿಕಾ ವಿವಾದ ಕಾಯ್ದೆಯ 5ನೇ ಅನುಸೂಚಿ 'ಅನುಚಿತ ಕಾರ್ಮಿಕ ಪದ್ಧತಿ'ಗಳ ಪಟ್ಟಿ ಕೊಟ್ಟಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಈ ಎರಡೂ ಕಾಯ್ದೆಗಳ ಜಾಗಕ್ಕೆ ಬಂದಿದೆ. ಅನುಚಿತ ಪದ್ಧತಿಗಳ ಪಟ್ಟಿಯನ್ನು ಅದೂ ತನ್ನ 2ನೇ ಅನುಸೂಚಿಯಲ್ಲಿ ಇಟ್ಟುಕೊಂಡಿದೆ.

ಮಹಾರಾಷ್ಟ್ರದ ವಿಷಯಕ್ಕೆ ಬಂದರೆ ನಮ್ಮಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದ ಕಾಯ್ದೆ ಬಂದಿತ್ತು: 1971ರ ಕಾರ್ಮಿಕ ಸಂಘಗಳ ಮಾನ್ಯತೆ ಮತ್ತು ಅನುಚಿತ ಕಾರ್ಮಿಕ ಪದ್ಧತಿ ತಡೆ ಕಾಯ್ದೆ. ಕಾರ್ಮಿಕ ಚಳವಳಿಯವರ ಬಾಯಲ್ಲಿ ಅದು 'ಎಂಆರ್‌ಟಿಯು-ಪಲ್ಪ್'. ಅದರ ವಿಶೇಷ ಏನಂದರೆ, ಸರಕಾರ ವಿವಾದವನ್ನು ಕಳಿಸಿಕೊಡಲಿ ಅಂತ ಕಾಯಬೇಕಿಲ್ಲ. ಕಾರ್ಮಿಕರೇ 90 ದಿನದೊಳಗೆ ನೇರವಾಗಿ ನ್ಯಾಯಾಲಯದ ಬಾಗಿಲು ತಟ್ಟಬಹುದು, ಮಧ್ಯಂತರ ಪರಿಹಾರವನ್ನೂ ಕೇಳಬಹುದು. ತಾತ್ಕಾಲಿಕ ಆದೇಶ ಅನ್ನುವ ಆಯುಧ ಇಲ್ಲಿ ಕಾರ್ಮಿಕರ ಕೈಗೂ ಬರುತ್ತದೆ.

ಅದರ 4ನೇ ಅನುಸೂಚಿಯ ಮೊದಲ ಅಂಶದಲ್ಲಿ ನನ್ನನ್ನು ನಿಲ್ಲಿಸಿದ ಒಂದು ಸಾಲಿದೆ. ಸುಳ್ಳು ಅಥವಾ ಹುಟ್ಟಿಸಿದ ಸಾಕ್ಷ್ಯದ ಮೇಲೆ ಕಾರ್ಮಿಕರನ್ನು ಕ್ರಿಮಿನಲ್ ಕೇಸಿನಲ್ಲಿ ಸಿಲುಕಿಸಿ ಕೆಲಸದಿಂದ ತೆಗೆಯುವುದು ಅನುಚಿತ ಪದ್ಧತಿ ಅಂತ ಅದು ಹೇಳುತ್ತದೆ. ಅಂದರೆ ನಮ್ಮ ಚಿಗವ್ವನ ಓಣಿಯಲ್ಲಿ ನಡೆದಂಥದ್ದು ನಡೆಯುತ್ತದೆ ಅಂತ ಕಾಯ್ದೆ ಬರೆದವರಿಗೆ ಅರ್ಧ ಶತಮಾನದ ಹಿಂದೆಯೇ ಗೊತ್ತಿತ್ತು. ಹಾಗಿದ್ದರೆ ಆ ಹದಿಮೂರು ಜನ ಅದನ್ನು ಯಾಕೆ ಬಳಸಲಿಲ್ಲ?

5. ಸೋಲಾಪುರ: ಕೆಲಸ ಇದೆ, ಕಾಗದ ಇಲ್ಲ

ಸೋಲಾಪುರ ಬಟ್ಟೆಯ ಊರು. ಹಳೆ ಗಿರಣಿ, ನರಸಿಂಗ ಗಿರಜಿ, ಲಕ್ಷ್ಮಿ-ವಿಷ್ಣು ಗಿರಣಿಗಳ ಭೋಂಗಾ ಕೇಳಿ ಏಳುತ್ತಿದ್ದ ಊರು. ಕಾಯ್ದೆ ಮತ್ತು ಕಾರ್ಮಿಕರ ಸಂಬಂಧ ಈ ಊರಿಗೆ ಹೊಸದಲ್ಲ. ಬ್ರಿಟಿಷರ ಕಾಲಕ್ಕೆ 'ಅಪರಾಧಿ ಬುಡಕಟ್ಟು' ಅಂತ ಹಣೆಪಟ್ಟಿ ಹಚ್ಚಿದ ಜನರನ್ನು ತಂತಿಬೇಲಿಯ ಸೆಟ್ಲಮೆಂಟಿನಲ್ಲಿ ಇಟ್ಟು, ಹಾಜರಿ ಹಾಕಿಸಿ, ಗಿರಣಿ ಕೆಲಸಕ್ಕೆ ಕಳಿಸುತ್ತಿದ್ದರು. 1930ರ ಮೇ ತಿಂಗಳಲ್ಲಿ ಊರಿಗೆ ಮಾರ್ಷಲ್ ಲಾ ಬಂತು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ ನೇಣಿಗೇರಿದರು. ಚಾರ್ ಹುತಾತ್ಮಾ ಚೌಕದ ಮುಂದೆ ದಿನಾ ಹಾಯುವ ನಮಗೆ, ಕಾಯ್ದೆ ಅನ್ನುವುದು ಯಾರ ಕೈಯಲ್ಲಿದೆ ಅನ್ನುವುದೇ ದೊಡ್ಡ ಪ್ರಶ್ನೆ ಅಂತ ಬೇರೆ ಯಾರೂ ಹೇಳಬೇಕಿಲ್ಲ.

ಗಿರಣಿ ಹೋದವು. ಈಗ ಇರುವುದು ಅಕ್ಕಲಕೋಟ ರೋಡ್ ಎಂಐಡಿಸಿಯ ವಿದ್ಯುತ್ ಮಗ್ಗಗಳು, 2005ರ ಸುಮಾರಿಗೆ ಭೌಗೋಳಿಕ ಗುರುತು ಪಡೆದ ಚಾದರ ಮತ್ತು ಟವೆಲ್, ಓಣಿ ಓಣಿಯ ಯೂನಿಫಾರ್ಮ್ ಹೊಲಿಗೆ, ಮತ್ತು ಬೀಡಿ. ಇಲ್ಲಿ ಬೀಡಿಯನ್ನೂ ಹೊಲಿಗೆಯನ್ನೂ ಪಕ್ಕಪಕ್ಕ ಇಟ್ಟು ನೋಡ್ರಿ. ಎರಡೂ ಮನೆಯಲ್ಲೇ ಕೂತು ಮಾಡುವ ಕೆಲಸ. ಎರಡಕ್ಕೂ ಕಚ್ಚಾ ಮಾಲು ಮಾಲಕರದೇ. ಆದರೆ ಬೀಡಿ ಕಟ್ಟುವ ಹೆಣ್ಣುಮಗಳು ಕಾಯ್ದೆಯ ಕಣ್ಣಿಗೆ ಕಾಮಗಾರಳು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕೂತು ದುಡಿಯುವವರನ್ನೂ ಒಳಗೆ ಸೇರಿಸಿಕೊಂಡಿತು. ಬೀಡಿ ಮಾಲಕರು ಅದನ್ನು ಪ್ರಶ್ನಿಸಿದಾಗ, 1974ರಲ್ಲಿ ಮಂಗಳೂರು ಗಣೇಶ್ ಬೀಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಅದಕ್ಕೇ ಬೀಡಿಯವರಿಗೆ ಕಾರ್ಡಿದೆ, ಭವಿಷ್ಯನಿಧಿ ಇದೆ, ಬಲವಾದ ಸಂಘ ಇದೆ.

ಯೂನಿಫಾರ್ಮಿನ ಅಂಗಿ ಹೊಲಿಯುವ ಪಕ್ಕದ ಮನೆಯವಳಿಗೆ ಇದ್ಯಾವುದೂ ಇಲ್ಲ. ನೇಮಕದ ಪತ್ರ ಇಲ್ಲ, ಪಗಾರದ ಚೀಟಿ ಇಲ್ಲ. ಅನುಚಿತ ಪದ್ಧತಿ ಅಂತ ದೂರು ಕೊಡಲು ಮೊದಲು 'ನಾನು ಇವರ ಕಾರ್ಮಿಕಳು' ಅಂತ ಸಿದ್ಧ ಮಾಡಬೇಕು. ಆದರೆ ಅವಳ ಮೇಲೆ ಕಳವಿನ ದೂರು ಕೊಡಲು ಮಾಲಕರಿಗೆ ಅದರ ಅಗತ್ಯ ಇಲ್ಲ. ಬಟ್ಟೆ ಅವಳ ಮನೆಗೆ ಹೋಗಿತ್ತು ಅಂದರೆ ಸಾಕು. ಸಂಬಂಧ ಒಂದೇ, ಅವಳ ಹಕ್ಕಿನ ಹೊತ್ತಿಗೆ ಅದು ಇಲ್ಲ, ಅವಳ ತಪ್ಪಿನ ಹೊತ್ತಿಗೆ ಇದೆ. ನನ್ನ ಪ್ರಬಂಧದ ಮುಖ್ಯ ಮಾತು ಇದೇ. ಮನೆಯಲ್ಲೇ ಕೂತು ದುಡಿಯುವ ಕಾರ್ಮಿಕರ ಕುರಿತು 1996ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 177ನೇ ಒಡಂಬಡಿಕೆ ಮಾಡಿತು. ಭಾರತ ಅದಕ್ಕೆ ಇನ್ನೂ ಸಹಿ ಹಾಕಿಲ್ಲ.

ಇನ್ನು ಹೊಣೆಯ ಪ್ರಶ್ನೆ. ಬೆಂಗಳೂರಿನಲ್ಲಿ ಜಿ-ಸ್ಟಾರ್ ಇತ್ತು, ಆಮ್‌ಸ್ಟರ್‌ಡ್ಯಾಮಿನ ಗ್ರಾಹಕ ಇದ್ದ. ಸೋಲಾಪುರದ ಯೂನಿಫಾರ್ಮಿಗೆ ಬ್ರ್ಯಾಂಡ್ ಯಾರು? ಜೇಬಿನ ಮೇಲೆ ಇರುವುದು ಶಾಲೆಯ ಲಾಂಛನ. ಯಾವ ಬಣ್ಣ, ಯಾವ ಅಂಗಡಿ, ಎಷ್ಟು ದರ ಅಂತ ಠರಾಯಿಸುವುದು ಶಾಲೆಯ ಆಡಳಿತ ಮಂಡಳಿ. ಹಾಗಾದರೆ ಈ ಸರಪಳಿಯ ತುದಿಯಲ್ಲಿ ಕೂತಿರುವ ದೊಡ್ಡ ಖರೀದಿದಾರರು ನಾವೇ, ಅಂದರೆ ಶಿಕ್ಷಣ ಸಂಸ್ಥೆಗಳು. ಅಮೆರಿಕದಲ್ಲಿ ವಿಶ್ವವಿದ್ಯಾಲಯದ ಹೆಸರಿನ ಅಂಗಿ ಎಲ್ಲಿ ಹೊಲಿದದ್ದು ಅಂತ ವಿದ್ಯಾರ್ಥಿಗಳು ಕೇಳಿದ್ದರಿಂದಲೇ, ನಾನು ಆಗಲೇ ಹೇಳಿದ ವರ್ಕರ್ ರೈಟ್ಸ್ ಕನ್ಸಾರ್ಷಿಯಂ 2000ದಲ್ಲಿ ಹುಟ್ಟಿತು. ನಮ್ಮ ಶಾಲೆ-ಕಾಲೇಜುಗಳು ಕರಾರಿನಲ್ಲಿ ಒಂದು ಸಾಲು ಸೇರಿಸಬಹುದು: ಹೊಲಿದವರ ಹೆಸರು, ದರ, ಕೊಟ್ಟ ಹಣ ಬರೆದ ವಹಿ ಇರಬೇಕು, ದರ ಕೇಳಿದ್ದಕ್ಕೆ ಯಾರ ಮೇಲೂ ದೂರು ಹೋಗಬಾರದು.

ಮಾತಾಡುವ ಅವಕಾಶ ಯಾಕೆ ಇಷ್ಟು ಮುಖ್ಯ? 2025ರ ಮೇ 18ರಂದು ಅಕ್ಕಲಕೋಟ ರೋಡ್ ಎಂಐಡಿಸಿಯ ಟವೆಲ್ ಕಾರ್ಖಾನೆಯ ಬೆಂಕಿಯಲ್ಲಿ 8 ಜನ ತೀರಿಕೊಂಡರು. ಅವರಲ್ಲಿ ಕೆಲಸಗಾರರೂ ಇದ್ದರು, ಮಾಲಕರೂ ಅವರ ಮನೆಯವರೂ ಇದ್ದರು. ಬೆಂಕಿ ಹಾಜರಿಪುಸ್ತಕ ನೋಡಿ ಬರುವುದಿಲ್ಲ. ಆ ಘಟನೆಗೆ ಕಾರಣ ಹೇಳಲು ನಾನು ಇಲ್ಲಿ ಬಂದಿಲ್ಲ. ಎಲ್ಲ ಕಾರ್ಖಾನೆಗೂ ಸಲ್ಲುವ ಒಂದು ಮಾತನ್ನಷ್ಟೇ ಹೇಳುತ್ತೇನೆ. ಬಾಗಿಲು ಕೀಲಿ ಹಾಕಿದೆ, ವೈರು ಸುಟ್ಟಿದೆ ಅಂತ ಮೊದಲು ನೋಡುವವರು ಒಳಗೆ ದುಡಿಯುವವರು. ಹೇಳಿದರೆ ನೋಟೀಸು ಬರುತ್ತದೆ ಅನ್ನುವ ಅಂಜಿಕೆ ಇದ್ದಲ್ಲಿ ಆ ಎಚ್ಚರಿಕೆ ಯಾರಿಗೂ ಮುಟ್ಟುವುದಿಲ್ಲ.

ಚರ್ಚೆ

ಒಬ್ಬ ಪ್ರಾಧ್ಯಾಪಕರು: ಮಾಲಕರಿಗೂ ಮಾನ ಅನ್ನೂದು ಅದ ಅಲ್ಲೇನು? ಸುಳ್ಳು ಪ್ರಚಾರ ಆದರ ಅವರು ಕೋರ್ಟಿಗೆ ಹೋಗಬಾರದೇನು?

ಹೋಗಬಹುದು, ಸರ್. ನನ್ನ ತಕರಾರು ದಾವೆಗಲ್ಲ, ವಿಚಾರಣೆಗೆ ಮೊದಲೇ ಬಾಯಿ ಮುಚ್ಚಿಸುವುದಕ್ಕೆ. 2024ರ ಮಾರ್ಚಿನಲ್ಲಿ ಬ್ಲೂಮ್‌ಬರ್ಗ್ ಮತ್ತು ಝೀ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿತು. ಮಾನಹಾನಿ ದಾವೆಗಳಲ್ಲಿ ವಿಚಾರಣೆಗೆ ಮುಂಚೆ ತಡೆಯಾಜ್ಞೆಯನ್ನು ಯಾಂತ್ರಿಕವಾಗಿ ಕೊಡಬಾರದು ಅಂತ ಹೇಳುವಾಗ, ಸ್ಲ್ಯಾಪ್ ದಾವೆಗಳ ಅಪಾಯವನ್ನೂ ಅದು ಎತ್ತಿ ತೋರಿಸಿತು. ಅದು ಪತ್ರಿಕಾ ವರದಿಯ ಪ್ರಕರಣ. ಕಾರ್ಮಿಕ ಸಂಘದ ಕರಪತ್ರಕ್ಕೂ ಅದೇ ಅಳತೆ ಸಲ್ಲಬೇಕು ಅನ್ನುವುದು ನನ್ನ ವಾದ.

ಒಬ್ಬ ವಿದ್ಯಾರ್ಥಿನಿ: ಅಕ್ಕಾ, ಖರೀದಿದಾರರು ಆರ್ಡರ್ ನಿಲ್ಲಿಸಿಬಿಟ್ಟರ ಹೊಟ್ಟಿಗೆ ಹೊಡತ ಬೀಳೂದು ಕೆಲಸದವರಿಗೇ ಅಲ್ಲಾ?

ಖರೆ ಮಾತು ತಂಗಿ. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಗಾರ್ಮೆಂಟ್ಸ್ ಕಾರ್ಖಾನೆ ಮುಚ್ಚಿದಾಗ 1,200ಕ್ಕೂ ಹೆಚ್ಚು ಜನ ಬೀದಿಗೆ ಬಂದರು. ಆರ್ಡರ್ ಕಡಿಮೆ ಅಂತ ಕಂಪನಿ ಹೇಳಿತು, ಸಂಘ ಇದ್ದ ಘಟಕವನ್ನೇ ಆರಿಸಿ ಮುಚ್ಚಿದರು ಅಂತ ಕಾರ್ಮಿಕರು ಹೇಳಿದರು. ಅದಕ್ಕೇ ಬಿಟ್ಟು ಹೋಗುವುದು ಹೊಣೆಗಾರಿಕೆ ಅಲ್ಲ. ಇದ್ದು ಸರಿ ಮಾಡಿಸುವುದು ಹೊಣೆಗಾರಿಕೆ. 2022ರಲ್ಲಿ ತಮಿಳುನಾಡಿನ ದಿಂಡಿಗಲ್‌ನಲ್ಲಿ ಆದ ಒಪ್ಪಂದದಲ್ಲಿ ಸಂಘ, ತಯಾರಕರು, ಬ್ರ್ಯಾಂಡು ಮೂವರೂ ಕಟ್ಟುಬಿದ್ದರು. ತಯಾರಕರು ಮಾತಿಗೆ ತಪ್ಪಿದರೆ ವ್ಯಾಪಾರದಲ್ಲಿ ಅದರ ಪರಿಣಾಮ ಉಣ್ಣಬೇಕು, ಹಾಗಂತ ಅಲ್ಲಿ ಬರೆದುಕೊಂಡಿದ್ದಾರೆ.

ಕೊನೆಯದಾಗಿ ಒಂದು ವಿನಂತಿ. ನಮ್ಮ ವಿಭಾಗದ ವಿದ್ಯಾರ್ಥಿಗಳಲ್ಲಿ ಯಾರ ಮನೆಯಲ್ಲಾದರೂ ಹೊಲಿಗೆ ನಡೆಯುತ್ತಿದ್ದರೆ, ಒಂದು ವಹಿ ಇಡಲು ಅವರಿಗೆ ಸಹಾಯ ಮಾಡ್ರಿ. ಗಂಟು ಬಂದ ದಿನ, ಎಷ್ಟು ಡಜನ್, ಯಾವ ದರ, ಕೈಗೆ ಬಂದ ಹಣ. ಕನ್ನಡದಲ್ಲೋ ಮರಾಠಿಯಲ್ಲೋ, ಹೆಂಗ ಬಂದರ ಹಂಗ. ಹೋದ ವರ್ಷದಿಂದ ನಮ್ಮ ಚಿಗವ್ವನ ವಹಿ ನಾನು ಬರೀತೀನಿ. ಗಂಟು ಕೊಡಲು ಬಂದ ಹುಡುಗ ಮೊದಲ ಸಲ ಅದರಲ್ಲಿ ಸಹಿ ಹಾಕಲು ಒಪ್ಪಲಿಲ್ಲ. ನಾಲ್ಕನೇ ಸೋಮವಾರ ಹಾಕಿದ.